ಹಿತ್ತಾಳೆ ನೀರು

"ಮೆಟ್ಟಿಲು ಅಂದೆ ನೀನು. ಇದು ಮೆಟ್ಟಿಲಾ? ಯಾರೋ ಸಿಟ್ಟಲ್ಲಿ ಕಲ್ಲು ಎಸೆದು ಹೋದಂಗಿದೆ." ವನಜಾಕ್ಷಿ ದಾರಿಯ ಪಕ್ಕದ ಬಂಡೆಯ ಮೇಲೆ ಕುಸಿದು ಕೂತಳು.

ಲೋಹಿತಾ ನಕ್ಕಳು. ಹೆಗಲ ಚೀಲದಿಂದ ಹಿತ್ತಾಳೆಯ ಕೂಜ ತೆಗೆದು, ತಿರುಪಿನ ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಕುಡೀರಿ ಮೇಡಂ. ನಮ್ಮನೆ ಬಾವಿದು. ಈ ಬೆಟ್ಟದ ನೀರೇ ಬಸಿದು ಬಸಿದು ನಮ್ಮ ಬಾವಿಗೆ ಬರೋದು."

ವನಜಾಕ್ಷಿ ಕತ್ತೆತ್ತಿ ಗಟಗಟ ಸುರಿದುಕೊಂಡಳು. ತಣ್ಣಗೆ, ಸಿಹಿಯಾಗಿ ಇಳಿಯಿತು. ಕೂಜದ ಹೊರಮೈ ಅರಿಸಿನದ ಬಣ್ಣ. ಒಳಗೆ ಮಾತ್ರ ಹೊಸ ಬೆಳ್ಳಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದೇನೇ ಇದು, ಮ್ಯೂಸಿಯಂ ಸಾಮಾನು?"

"ಶಿವರುದ್ರಮ್ಮಜ್ಜಿ ಆರ್ಡರು. ಹೊರಗಡೆ ನೀರು ಮುಟ್ಟಂಗಿಲ್ಲ ನಮ್ಮನೇಲಿ. ಕಾಲೇಜಿಗೂ ಇದೇ, ಸಿರಾಕ್ಕೋದ್ರೂ ಇದೇ, ಪಾವಗಡಕ್ಕೋದ್ರೂ ಇದೇ."

"ನಾಲ್ಕು ತಾಲೂಕಿನ ನೀರು ಪರೀಕ್ಷೆ ಮಾಡಿದವಳು. ಒಂದೂರಿನ ನೀರೂ ಕುಡಿದಿಲ್ಲ."

"ಪರೀಕ್ಷೆ ಮಾಡಿದವರು ಕುಡಿಯಲ್ಲ ಮೇಡಂ. ಮಾಡದೆ ಇರೋರು ಕುಡೀತಾರೆ."

ವನಜಾಕ್ಷಿಗೆ ನಗು ಬಂತು. ಈ ಹುಡುಗಿಯ ಜೊತೆ ಮಾತ್ರ ಅವಳಿಗೆ ನಗು ಬರುತ್ತಿತ್ತು.

ಉಳಿದವರನ್ನು ಕಂಡರೆ ಬರುತ್ತಿದ್ದುದು ತಾತ್ಸಾರ. ಅದು ಕಸುಬಿನಿಂದ ಅಂಟಿದ್ದು. ಮಧುಗಿರಿಯಲ್ಲಿ ಬಳೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ಮದುವೆ ಗಂಡುಗಳ ಹಿನ್ನೆಲೆ ಹುಡುಕುವ ಹೆಂಗಸು ಅವಳು. ಎಂಜಿನಿಯರ್ ಎಂದು ಹೇಳಿಕೊಂಡು ಕ್ರಷರ್‌ನಲ್ಲಿ ಕೂಲಿ ಬರೆದುಕೊಳ್ಳುವವರು, ಒಬ್ಬ ಹೆಂಡತಿಯನ್ನು ಕೊರಟಗೆರೆಯಲ್ಲಿಟ್ಟು ಇನ್ನೊಬ್ಬಳಿಗೆ ಜಾತಕ ಹೊಂದಿಸುವವರು, ಕುಡಿದ ಬಾಯಿಗೆ ಏಲಕ್ಕಿ ಹಾಕಿಕೊಂಡು ಹೆಣ್ಣು ನೋಡಲು ಬರುವವರು. ಇಂಥವರನ್ನು ನೋಡಿ ನೋಡಿ, ಬಿಳಿ ಅಂಗಿ ಕಂಡ ಕೂಡಲೇ ಒಳಗಿನ ಕೊಳೆ ಯಾವುದಿರಬಹುದೆಂದು ಅಂದಾಜು ಹಾಕುವುದು ಅವಳಿಗೆ ಉಸಿರಾಟದಷ್ಟು ಸಲೀಸಾಗಿತ್ತು.

ಈ ಕೇಸಿನಲ್ಲಿ ಅವಳ ತಾತ್ಸಾರಕ್ಕೆ ಹಬ್ಬವೇ ಸಿಕ್ಕಿತ್ತು.

ಪಾವಗಡದಾಚೆಯ ವಸತಿಶಾಲೆಯಲ್ಲಿ ಮಕ್ಕಳು ವಾಂತಿ ಮಾಡಿಕೊಂಡು ಮಲಗಿದರು. ಸಹನಾ ಎಂಬ ಹುಡುಗಿ ಏಳಲೇ ಇಲ್ಲ. ಅವಳ ದೇಹದಲ್ಲಿ ಆರ್ಸೆನಿಕ್ ಸಿಕ್ಕಿತು. ಅಡುಗೆಯ ಪಾಪಕ್ಕ ಈಗ ಜೈಲಿನಲ್ಲಿದ್ದಾಳೆ. ನಾಳೆ ಅವಳ ಜಾಮೀನು ಅರ್ಜಿ ನ್ಯಾಯಾಲಯದ ಮುಂದೆ ಬರಲಿದೆ. ಅವಳ ತಮ್ಮ ಅಶ್ವತ್ಥ ವನಜಾಕ್ಷಿಯ ಬಾಗಿಲು ಬಡಿದದ್ದು ಅದಕ್ಕೇ.

ವಿಷ ನೀರಿನಲ್ಲಿತ್ತೋ, ಅನ್ನದಲ್ಲಿತ್ತೋ? ಇಷ್ಟೇ ಪ್ರಶ್ನೆ. ನೀರಿನಲ್ಲಿದ್ದರೆ ಟ್ಯಾಂಕರಿನವನು, ಫಿಲ್ಟರಿನವನು, ವಾರ್ಡನ್, ಎಲ್ಲರೂ ಕಟಕಟೆ ಹತ್ತಬೇಕು. ಅನ್ನದಲ್ಲಿದ್ದರೆ ಪಾಪಕ್ಕ ಒಬ್ಬಳು ಸಾಕು.

ಪೊಲೀಸರು ಬರುವ ಹೊತ್ತಿಗೆ ವಾರ್ಡನ್ ಮಹಾಶಯ ಸಂಪನ್ನು ಬ್ಲೀಚಿಂಗ್ ಹಾಕಿ ತಿಕ್ಕಿ ತೊಳೆಸಿದ್ದ. "ಮಕ್ಕಳ ಆರೋಗ್ಯ ಮುಖ್ಯ ಅಲ್ವಾ" ಎಂದಿದ್ದ, ಒಂದು ಮಗುವಿನ ಹೆಣ ಇನ್ನೂ ಆಸ್ಪತ್ರೆಯಲ್ಲಿದ್ದಾಗ. ಊರಿನ ದೊಡ್ಡವರು, ಆ ಹೆಂಗಸಿನ ಕೈ ಅಡುಗೆ ಬೇಡವೆಂದು ತಾವು ಮೊದಲೇ ಹೇಳಿದ್ದೆವೆಂದು ಸಾಲಾಗಿ ಸಾಕ್ಷಿ ಹೇಳಿದರು. ಪಾಪಕ್ಕನ ಮನೆಯ ಗೋಡೆಯಲ್ಲಿ ದೇವರ ಪಟಗಳ ಜಾಗದಲ್ಲಿ ಬುದ್ಧನ ಚಿತ್ರವಿತ್ತು. ಅವರಿಗೆ ಅಷ್ಟೇ ಪುರಾವೆ ಸಾಲುತ್ತಿತ್ತು. ಎಸ್‌ಐ ನರಸಿಂಹರಾಜು ಕುರ್ಚಿ ಬಿಟ್ಟು ಏಳದೆ ತನಿಖೆ ಮುಗಿಸಿದ. "ಇಂಕಾ ಏಮುಂದಿ ಮೇಡಂ, ಕೇಸ್ ಅಯಿಪೋಯಿಂದಿ" ಎಂದು ಪಾವಗಡದ ಶೈಲಿಯಲ್ಲಿ ತೆಲುಗು ಬೆರೆಸಿ, ಕೇಸು ಮುಗಿದೇ ಹೋಯಿತೆಂದು ಕೈ ಝಾಡಿಸಿದ್ದ. ಅಡುಗೆಮನೆಯಲ್ಲಿ ಇಲಿ ಪಾಷಾಣದ ಡಬ್ಬಿ ಸಿಕ್ಕಿತ್ತಲ್ಲ, ಇನ್ನೇನು ಬೇಕು?

ತೊಳೆಯುವ ಮುಂಚಿನ ನೀರು ಜಗತ್ತಿನಲ್ಲಿ ಉಳಿದಿದ್ದು ಒಂದೇ ಒಂದು ಬಾಟಲಿಯಲ್ಲಿ. ಮಕ್ಕಳು ಕಾಯಿಲೆ ಬೀಳುವ ಹಿಂದಿನ ಸಂಜೆ ಲೋಹಿತಾ ಅಲ್ಲಿಗೆ ಹೋಗಿದ್ದಳು. ಬಿ.ಎಸ್ಸಿ. ಕೊನೆಯ ವರ್ಷದ ಸಂಶೋಧನೆಗೆಂದು ನಾಲ್ಕು ತಾಲೂಕಿನ ಕುಡಿಯುವ ನೀರು ಸಂಗ್ರಹಿಸುತ್ತಿದ್ದಳು. ಆ ಬಾಟಲಿಯ ವರದಿ ಬಂದಿತ್ತು. ಆರ್ಸೆನಿಕ್ ಇಲ್ಲ. ನೀರು ಶುದ್ಧ. ಅಲ್ಲಿಗೆ ಪಾಪಕ್ಕನ ಕತ್ತಿಗೆ ಹಗ್ಗ ಬಿದ್ದ ಹಾಗೆಯೇ.

ವನಜಾಕ್ಷಿ ಮಾತ್ರ ಆ ಶುದ್ಧವನ್ನು ನಂಬಲಿಲ್ಲ. ಪಾವಗಡದ ಕಡೆ ನೀರು ಶುದ್ಧ ಎಂದರೆ, ಮದುವೆ ಗಂಡು ಕಾಫಿಯನ್ನೂ ಕುಡಿಯುವುದಿಲ್ಲ ಎಂದ ಹಾಗೆ.

ನಿನ್ನೆ ಸಂಜೆ ಅವಳ ಅನುಮಾನಕ್ಕೆ ಬಲ ಬಂದಿತ್ತು.

ಕಾಲೇಜಿನಲ್ಲಿ ಅಂಥ ಪರೀಕ್ಷೆಯ ಯಂತ್ರ ಇರಲಿಲ್ಲ. ಬರ್ನರ್‌ಗೆ ಗ್ಯಾಸ್ ಇದ್ದರೇ ದೊಡ್ಡದು. ಬಾಟಲಿಗಳು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿದ್ದವು. ಅಲ್ಲಿ ಐಸಿಪಿ-ಎಂಎಸ್ ಎಂಬ ಯಂತ್ರವಿದೆ. ಅದು ನೀರನ್ನು ಮಂಜು ಮಾಡಿ, ಸೂರ್ಯನ ಮೈಗಿಂತ ಬಿಸಿಯಾದ ಉರಿಯೊಳಕ್ಕೆ ಊದಿ, ಪರಮಾಣುಗಳನ್ನು ಬಿಡಿಸಿ, ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ ಎಂದು ಲೋಹಿತಾ ವಿವರಿಸಿದ್ದಳು. ಕೆರೆಗೆ ಚಿಟಿಕೆ ಬಿದ್ದರೂ ಅದರ ಹೆಸರು ಹಿಡಿದು ಕೂಗುತ್ತದಂತೆ. ವನಜಾಕ್ಷಿಗೆ ಪೂರ್ತಿ ಅರ್ಥವಾಗದಿದ್ದರೂ, ಇಂಥದ್ದೊಂದು ಯಂತ್ರ ಮದುವೆ ಗಂಡುಗಳಿಗೂ ಇರಬಾರದಿತ್ತೇ ಎನಿಸಿತ್ತು.

ಯಂತ್ರ ನಡೆಸುವ ಕಿರಣ್ ಕುಮಾರನನ್ನು ಫೋನಿನಲ್ಲಿ ಬಾಯಿ ಬಿಡಿಸಲು ಹರಸಾಹಸ ಮಾಡಬೇಕಾಯಿತು. ಅವನ ದನಿಯಲ್ಲಿ, ತಾನು ಯಾರ ಜೊತೆಗೂ, ಅದೂ ಭಾನುವಾರ, ಮಾತಾಡಬೇಕಾದವನಲ್ಲ ಎಂಬ ಆಯಾಸವಿತ್ತು.

"ಕಾಲೇಜಿನವರು ಬರೆದು ಕಳಿಸಿದ್ದು ಮೂರೇ ಮೇಡಂ. ಆರ್ಸೆನಿಕ್, ಸೀಸ, ಯುರೇನಿಯಂ. ಅಷ್ಟೇ ಕೊಟ್ಟೆ. ಯಂತ್ರ ಎಲ್ಲಾನೂ ನೋಡಿರುತ್ತೆ. ಯಾರೂ ಕೇಳಲ್ಲ, ನಾವೂ ಹೇಳಲ್ಲ."

"ಈಗ ಕೇಳ್ತಿದ್ದೀನಲ್ಲ. ಹೇಳಪ್ಪ."

ಅವನು ಕಂಪ್ಯೂಟರ್ ಕುಟ್ಟಿದ ಸದ್ದು ಕೇಳಿತು. "ಇದು ವಿಚಿತ್ರ ಇದೆ. ಪಾವಗಡದ ಬೇರೆ ಬಾಟಲಿಗಳಲ್ಲೆಲ್ಲ ಸ್ಟ್ರಾನ್ಷಿಯಂ ರಾಶಿ ರಾಶಿ, ಯುರೇನಿಯಮ್ಮೂ ಇದೆ. ಈ ಒಂದರಲ್ಲಿ ಎರಡೂ ಇಲ್ಲ ಅಂತಾನೇ ಅನ್ನಬಹುದು. ಇದು ಆ ನೆಲದ ನೀರೇ ಅಲ್ಲ ಮೇಡಂ. ಬೆಟ್ಟದ ಒರತೆ ನೀರಿನ ಥರ ಇದೆ. ಆದ್ರೆ ತಾಮ್ರ ಇದೆ, ಸತು ಇದೆ. ಒಂದಿಷ್ಟು ತವರ, ಚೂರು ಸೀಸ."

"ಅಂದ್ರೆ?"

"ತಾಮ್ರ, ಸತು ಸೇರಿದ್ರೆ ಏನಾಗುತ್ತೆ? ಹಿತ್ತಾಳೆ. ಹಿತ್ತಾಳೆ ಪಾತ್ರೇಲಿದ್ದ ನೀರು. ಇಷ್ಟು ಸಾಕಲ್ವಾ?" ಫೋನ್ ಇಟ್ಟೇಬಿಟ್ಟ.

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಲೋಹಿತಾ ಸ್ವಲ್ಪ ಹೊತ್ತು ನೆಲ ನೋಡುತ್ತಾ ಇದ್ದಳು. ಆಮೇಲೆ ಮೆಲ್ಲಗೆ ಅಂದಳು: "ನಮ್ಮ ಸರ್ ಚೊಂಬು ಹಿತ್ತಾಳೆದು ಮೇಡಂ."

ಸರ್ ಎಂದರೆ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ಚಂದ್ರಶೇಖರಯ್ಯ. ಊರಿಗೆಲ್ಲ ಆತ 'ಅವರು'. ವನಜಾಕ್ಷಿಯ ಮನಸ್ಸಿನಲ್ಲಿ ಮೊದಲ ದಿನದಿಂದ 'ಅವನು'. ಪ್ರತಿ ಸೋಮವಾರ ಸಿದ್ದರಬೆಟ್ಟ ಹತ್ತಿ, ಗವಿಯ ಒರತೆಯ ತೀರ್ಥವನ್ನು ಹಿತ್ತಾಳೆ ಚೊಂಬಿನಲ್ಲಿ ತಂದು, ಲ್ಯಾಬಿನ ತಕ್ಕಡಿಯ ಪಕ್ಕ ಇಟ್ಟುಕೊಂಡು, ಪರೀಕ್ಷೆಗೆ ಹೋಗುವ ಮಕ್ಕಳ ತಲೆಗೆ ಚಿಮುಕಿಸುವ ವಿಜ್ಞಾನಿ. ಬಾಟಲಿಗಳು ಬೆಂಗಳೂರಿಗೆ ಹೋಗುವ ಮುಂಚೆ ಇದ್ದದ್ದು ಅವನ ಬೀರುವಿನಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ವಸತಿಶಾಲೆಯ ಫಿಲ್ಟರ್ ಭೇಷಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟವನು ಅವನೇ. ನೀರು ಕೆಟ್ಟದ್ದೆಂದು ರುಜುವಾತಾದರೆ ಮೊದಲು ಮುಖಕ್ಕೆ ಮಸಿ ಬೀಳುವುದು ಅವನಿಗೆ.

ಎಷ್ಟು ಸಲೀಸಾಗಿ ಹೊಂದಿಕೊಂಡಿತೆಂದರೆ, ವನಜಾಕ್ಷಿಗೆ ರಾತ್ರಿ ಒಳ್ಳೆಯ ನಿದ್ದೆ ಬಂತು. ಬೆಳಗ್ಗೆ ಎದ್ದು ಒಂದೇ ಒಂದು ಕ್ಷಣ, ಇಷ್ಟು ಸಲೀಸಾಗಿ ಹೊಂದಬಹುದೇ ಎಂದು ಅಳುಕಿದ್ದು ನಿಜ. ಅಳುಕನ್ನು ಕಾಫಿಯ ಜೊತೆ ನುಂಗಿ ನರಸಿಂಹರಾಜುವಿಗೆ ಫೋನ್ ಮಾಡಿದ್ದಳು.

"ಬೆಟ್ಟದ ಕೆಳಗೆ ಜೀಪ್ ತಂದು ನಿಲ್ಲಿಸಿ. ಚೊಂಬಿನ ಸಮೇತ ಆಸಾಮೀನ ಇಳಿಸಿ ಕೊಡ್ತೀನಿ."

"ಪ್ರೊಫೆಸರಾ? ಏನು ಮೇಡಂ, ತಮಾಷೆನಾ?"

"ಬಂದು ನೋಡಿ. ಕುರ್ಚಿ ಓಡಿ ಹೋಗಲ್ಲ."

ಅವನು ಬಂದಿದ್ದ. ಬೆಟ್ಟದ ಬುಡದ ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಮುಂದೆ ಕೂತಿದ್ದ ಅವನನ್ನು ದಾಟಿಯೇ ಇವರಿಬ್ಬರು ಹತ್ತಿದ್ದು.

"ಬಂದ್ರು," ಎಂದಳು ಲೋಹಿತಾ. ಕೂಜದ ಮುಚ್ಚಳ ತಿರುಗಿಸಿ ಚೀಲಕ್ಕೆ ಸೇರಿಸಿದಳು.

ಮೇಲಿನ ತಿರುವಿನಲ್ಲಿ ಚಂದ್ರಶೇಖರಯ್ಯ ಕಾಣಿಸಿಕೊಂಡ. ಒದ್ದೆ ಪಂಚೆ, ಹಣೆಯ ತುಂಬ ವಿಭೂತಿ, ಎದೆಗವುಚಿಕೊಂಡ ಚೊಂಬು. ಚೊಂಬಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಮುಂದೆ ಕೂತಿದ್ದ ಕೋತಿಯೊಂದನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದ. ಕೋತಿ ಎದ್ದು ಹೋಯಿತು.

"ಓಹೋ. ವನಜಾಕ್ಷಮ್ಮನವರು! ಮದುವೆ ಗಂಡು ಬೆಟ್ಟಕ್ಕೆ ಹತ್ತಿಬಿಟ್ಟನೇನಮ್ಮ?"

"ಗಂಡಲ್ಲ ಸರ್, ನೀರು. ನಿಮ್ಮ ಚೊಂಬು ಹುಡುಕ್ಕೊಂಡು ಬಂದೆ."

"ತೀರ್ಥ ಬೇಕಾ? ಕಾಲಲ್ಲಿ ಚಪ್ಪಲಿ ಇದೆಯಲ್ಲಮ್ಮ." ಅವನ ಕಣ್ಣು ಅವಳ ಹಿಂದಿದ್ದ ಲೋಹಿತಾಳ ಕಡೆ ಹೊರಳಿತು. "ನೀನೇನೇ ಇಲ್ಲಿ? ರೆಕಾರ್ಡ್ ಬರೆದು ಮುಗಿಸಿದ್ಯಾ?"

ಲೋಹಿತಾ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು.

"ಅವಳನ್ನ ಬಿಡಿ," ಎಂದಳು ವನಜಾಕ್ಷಿ. "ವಸತಿಶಾಲೆ ಬಾಟಲಿ ನಿಮ್ಮ ಬೀರುವಿನಲ್ಲಿತ್ತು. ಹೌದೋ ಅಲ್ವೋ?"

"ಎಲ್ಲಾ ಬಾಟಲಿನೂ ಇತ್ತು."

"ಅದರಲ್ಲಿದ್ದ ನೀರು ಚೆಲ್ಲಿ, ಈ ಚೊಂಬಿನ ನೀರು ತುಂಬಿಸಿದ್ರಿ."

ಚಂದ್ರಶೇಖರಯ್ಯ ಮುಖ ಆಕಾಶಕ್ಕೆತ್ತಿ ನಕ್ಕ. ನಗು ಬಂಡೆಗಳ ನಡುವೆ ಹೋಗಿ ಬಂತು. "ಯಾರು ಹೇಳಿದ್ರಮ್ಮ ಇದನ್ನ? ಕಣಿ ಹೇಳೋರಾ?"

"ಯಂತ್ರ ಹೇಳ್ತು. ನೀವು ಮೂರು ಮಾತ್ರ ಕೇಳಿದ್ರಿ. ಅದು ಎಲ್ಲಾನೂ ನೋಡಿತ್ತು. ಪಾವಗಡದ ನೀರಲ್ಲಿ ಇರಬೇಕಾದ್ದು ಅದರಲ್ಲಿಲ್ಲ. ಬೆಟ್ಟದ ನೀರು, ಹಿತ್ತಾಳೆ ಪಾತ್ರೆದು. ಪ್ರತಿ ಸೋಮವಾರ ಹಿತ್ತಾಳೆ ಪಾತ್ರೇಲಿ ಬೆಟ್ಟದ ನೀರು ಹೊರೋರು ನಮ್ಮಲ್ಲಿ ಯಾರಿದ್ದಾರೆ ಸರ್?"

"ಈವ್ನಿಂಗ್ ಕಾಲೇಜಲ್ಲಿ ಬಿ.ಎ. ಮಾಡಿದೋಳಲ್ವಾ ನೀನು? ಭಲೇ. ಈಗ ನಂಗೇ ಕೆಮಿಸ್ಟ್ರಿ ಹೇಳ್ಕೊಡ್ತೀಯ?"

ಅದು ನಾಟಬೇಕಾದಲ್ಲೇ ನಾಟಿತು. ಹಗಲೆಲ್ಲ ಟೈಪಿಂಗ್ ಮಾಡಿ, ಸಂಜೆ ಟ್ಯೂಬ್‌ಲೈಟಿನ ಕೆಳಗೆ ತೂಕಡಿಸುತ್ತಾ ಓದಿದ ಪದವಿ ಅದು. ಅದನ್ನು ಯಾರಾದರೂ ಎತ್ತಿದರೆ ಸಾಕು, ಹೇಳಿದ್ದನ್ನೆಲ್ಲ ಇನ್ನೊಮ್ಮೆ ಸರಿನೋಡಬೇಕೆಂಬ ಚಡಪಡಿಕೆ ಅವಳಿಗೆ ಶುರುವಾಗುತ್ತಿತ್ತು. ಅದನ್ನು ತೋರಿಸಿಕೊಳ್ಳದೆ ಕೇಳಿದಳು:

"ಆ ಫಿಲ್ಟರಿನ ನೀರನ್ನ ನೀವು ಯಾವತ್ತಾದ್ರೂ ಪರೀಕ್ಷೆ ಮಾಡಿದ್ರಾ?"

"ಇಲ್ಲ."

ಇಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

"ಇಲ್ಲಮ್ಮ. ಮಾಡಲಿಲ್ಲ. ಹೊಸ ಫಿಲ್ಟರು, ಹೊಳೀತಿತ್ತು, ಸೈನ್ ಹಾಕಿ ಕೊಟ್ಟೆ. ನಿಮ್ಮೂರಲ್ಲಿ ಯಾವ ಆಫೀಸರು ನೋಡಿ ಸೈನ್ ಹಾಕ್ತಾನೆ, ಹೇಳು. ಆ ವಾರ್ಡನ್‌ಗೆ ಬೇಕಾಗಿದ್ದು ಸೀಲು. ನನ್ನ ಹತ್ರ ಸೀಲಿತ್ತು."

"ಒಂದು ಮಗು ಸತ್ತಿದೆ ಸರ್."

"ಅಡುಗೆಯವಳು ಒಳಗಿದ್ದಾಳಲ್ಲ." ಹೆಗಲ ಮೇಲಿನ ನೊಣ ಓಡಿಸುವ ಹಾಗೆ ಹೇಳಿದ.

ವನಜಾಕ್ಷಿಗೆ ಮೈ ಉರಿಯಿತು. ಇಂಥವನನ್ನು ಜೀಪಿಗೆ ಹತ್ತಿಸುವುದಕ್ಕೆ ಪುರಾವೆಯೇ ಬೇಡ. ಆ ಒಂದು ಮಾತು ಸಾಕೆನ್ನಿಸಿತು. "ಕೆಳಗೆ ಎಸ್‌ಐ ಕೂತಿದ್ದಾರೆ. ಚೊಂಬು ಕೊಡಿ. ಇದರ ನೀರನ್ನೂ ಬೆಂಗಳೂರಿಗೆ ಕಳಿಸೋಣ. ಎರಡೂ ಒಂದೇ ಅಂತ ಯಂತ್ರಾನೇ ಹೇಳುತ್ತೆ."

"ಕಳಿಸು ಕಳಿಸು. ಅದಕ್ಕೆ ಮುಂಚೆ ಒಂದು ಹೇಳು." ಅವನ ದನಿ ಈಗ ತರಗತಿಯ ದನಿಯಾಗಿತ್ತು. "ನಿನ್ನ ಯಂತ್ರ ಬರೀ ತಾಮ್ರ, ಸತು ಅಂತಾ? ಇನ್ನೇನಾದ್ರೂ ಅಂತಾ? ಪೂರ್ತಿ ಹೇಳು. ಅರ್ಧ ಉತ್ತರಕ್ಕೆ ನಾನು ಮಾರ್ಕ್ಸ್ ಕೊಡಲ್ಲ."

"ತಾಮ್ರ, ಸತು. ಒಂದಿಷ್ಟು ತವರ. ಚೂರು ಸೀಸ."

ಅವನ ಮುಖದ ನಗು ಹಾಗೇ ನಿಂತಿತು. ನಿಂತ ನಗು ಮೆಲ್ಲಗೆ ಬೇರೆ ಬಗೆಯದಾಯಿತು. ಅದು ಹೆದರಿದವನ ನಗುವಾಗಿರಲಿಲ್ಲ, ಗೆದ್ದವನದಾಗಿತ್ತು.

ಬಂಡೆಯ ಮೇಲೆ ಚೊಂಬಿಟ್ಟು, ಗಂಟು ಬಿಚ್ಚಿ, ಬಟ್ಟೆ ತೆಗೆದ. "ಬಾ ಇಲ್ಲಿ. ಬಗ್ಗಿ ನೋಡು. ಒಳಗೆ ಯಾವ ಬಣ್ಣ?"

ಚೊಂಬಿನ ಬಾಯೊಳಗೆ ಬಿಸಿಲು ನೇರ ಬಿದ್ದಿತ್ತು. ತಿಳಿನೀರಿನ ತಳದವರೆಗೂ ಕಾಣುತ್ತಿತ್ತು.

"ಹಳದಿ."

"ಹೊರಗೆ?"

"ಹಳದಿನೇ."

"ಹಂಗಾದ್ರೆ ತವರ ಎಲ್ಲಿಂದ ಬಂತಮ್ಮ, ನನ್ನ ತಾಯಿ?"

ವನಜಾಕ್ಷಿ ಇನ್ನೊಮ್ಮೆ ಬಗ್ಗಿ ಚೊಂಬಿನೊಳಗೆ ನೋಡಿದಳು. ಅವಳ ಮನೆಯಲ್ಲಿ ಇದ್ದದ್ದೆಲ್ಲ ಸ್ಟೀಲು.

"ಗೊತ್ತಿಲ್ಲ. ಗೊತ್ತಿರಲ್ಲ." ಚಂದ್ರಶೇಖರಯ್ಯ ಒಂದೊಂದೇ ಪದವನ್ನು ಚಪ್ಪರಿಸುತ್ತಾ ಹೇಳಿದ. "ಕಲಾಯಿ ಅಂತ ಕೇಳಿದ್ಯಾ? ಸಿರಾದಲ್ಲಿ ಬೀದಿಬದೀಲಿ ತಿದಿ ಒತ್ಕೊಂಡು ಕೂತಿರ್ತಾರಲ್ಲ, ಹಿತ್ತಾಳೆ ಪಾತ್ರೆ ಕಾಯಿಸಿ ಒಳಗೆ ಬೆಳ್ಳಗೆ ಬಳಿಯೋರು? ಆ ಬಿಳುಪೇ ತವರ. ತವರ ದುಬಾರಿ ಅಂತ ಕಳ್ಳ ನನ್ಮಕ್ಕಳು ಸೀಸ ಬೆರೆಸ್ತಾರೆ. ಕಲಾಯಿ ಹಾಕಿಸೋದು ಮನುಷ್ಯರು ಉಣ್ಣೋ ಪಾತ್ರೆಗೆ, ಕುಡಿಯೋ ಪಾತ್ರೆಗೆ. ತೀರ್ಥದ ಚೊಂಬಿಗೆ ಯಾರಾದ್ರೂ ಕಲಾಯಿ ಹಾಕಿಸ್ತಾರೇನಮ್ಮ? ದೇವರ ಪಾತ್ರೆ ಹುಣಸೆಹಣ್ಣಲ್ಲಿ ಉಜ್ಜೋದು. ನಿಮ್ಮಜ್ಜಿ ಬದುಕಿದ್ರೆ ಕೇಳು, ಹೇಳ್ತಾಳೆ."

ಕೋತಿ ದೂರದ ಬಂಡೆಯಿಂದ ಇವರನ್ನೇ ನೋಡುತ್ತಿತ್ತು.

"ಬಾಟಲಿ ನನ್ನ ಕೈಗೆ ಕೊಟ್ಟಾಗಲೇ ಸೀಲಾಗಿತ್ತು. ಸೀಲಿನ ಮೇಲೆ ಸಹಿ ಯಾರದ್ದು ಅಂತ ಬೆಂಗಳೂರಿನೋನ್ನ ಕೇಳು. ನನ್ನದಂತೂ ಅಲ್ಲ." ಬಟ್ಟೆ ಮತ್ತೆ ಕಟ್ಟಿದ. ಕಟ್ಟುವ ಮುಂಚೆ ಉದ್ಧರಣೆ ಚಮಚದಷ್ಟು ನೀರನ್ನು ಅವಳ ಅಂಗೈಗೆ ಬಲವಂತವಾಗಿ ಸುರಿದ. "ತಗೊ, ಚಪ್ಪಲಿ ಹಾಕ್ಕೊಂಡೇ ತಗೊ. ಇದನ್ನೂ ಯಂತ್ರಕ್ಕೆ ಹಾಕಿಸು. ತವರ ಸಿಕ್ಕಿದ್ರೆ ನಾನೇ ಬಂದು ಜೀಪ್ ಹತ್ತುತೀನಿ."

ಇಳಿದು ಹೋದ. ಒದ್ದೆ ಪಂಚೆ ಕಲ್ಲುಗಳಿಗೆ ಪಟಪಟ ಬಡಿಯುತ್ತಿತ್ತು. ಪರೀಕ್ಷೆ ಮಾಡದೆ ಸಹಿ ಹಾಕಿದವನು, ಒಂದು ಮಗುವಿನ ಸಾವನ್ನು ನೊಣದ ಹಾಗೆ ಓಡಿಸಿದವನು. ಅವನನ್ನು ಹೇಯವೆನ್ನಲು ಅವಳಿಗೆ ಈಗಲೂ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವನು ಹೇಳಿದ್ದು ಸರಿ. ಹೇಯ ಮನುಷ್ಯನೂ ನಿಜ ಹೇಳಬಲ್ಲ ಎಂಬುದನ್ನು ಅವಳ ಕಸುಬು ಅವಳಿಗೆ ಕಲಿಸಿರಲೇ ಇಲ್ಲ.

ಅಂಗೈಯಲ್ಲಿ ಉಳಿದ ತೀರ್ಥ ಬೆರಳ ಸಂದಿಯಲ್ಲಿ ಸೋರಿಹೋಯಿತು.

ಹಿತ್ತಾಳೆ. ಒಳಗೆ ಬಿಳುಪು. ಬೆಟ್ಟದ ನೀರು.

ಇಷ್ಟು ಹೊತ್ತು ಬೆನ್ನ ಹಿಂದೆ ನಿಂತಿದ್ದ ಲೋಹಿತಾಳ ಕಡೆಯಿಂದ ಒಂದು ಸದ್ದೂ ಬಂದಿರಲಿಲ್ಲ. ಮಾತಿಗೆ ಮಾತು ಸೇರಿಸುವ ಹುಡುಗಿ. ಐಸಿಪಿ-ಎಂಎಸ್ ಎಂದರೆ ಕಣ್ಣರಳಿಸಿ ವಿವರಿಸುವ ಹುಡುಗಿ. ತವರ ಎಂದ ಕೂಡಲೇ ಕಲಾಯಿ ಎಂದು ಹೊಳೆಯದಿರುವಷ್ಟು ದಡ್ಡಿಯಲ್ಲ ಅವಳು. ನಿನ್ನೆ ಫೋನಿನಲ್ಲಿ ಆ ಪದ ಕೇಳಿದಾಗಲೇ ಹೊಳೆದಿರಬೇಕು. ಆಮೇಲಲ್ಲವೇ ನೆಲ ನೋಡುತ್ತಾ ಕೂತದ್ದು? ಆಮೇಲಲ್ಲವೇ "ನಮ್ಮ ಸರ್ ಚೊಂಬು" ಎಂದದ್ದು?

ವನಜಾಕ್ಷಿಗೆ ಜೈಲಿನ ಕಂಬಿಯಾಚೆಯ ಪಾಪಕ್ಕನ ಮುಖ ನೆನಪಾಯಿತು.

"ನಾನ್ಯಾಕವ್ವ ಇಸ ಆಕ್ಲಿ, ಹೆತ್ತ ಮಗೀನಂಗೆ ಉಣ್ಣಾಕಿಕ್ತಿದ್ದೆ," ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದಳು. ಆಮೇಲೆ ಏನೋ ನೆನಪಾದಂತೆ ಹೇಳಿದ್ದಳು: "ಆ ಕಾಲೇಜುಡ್ಗಿ ಬಂದಿದ್ಲು ಕಣಮ್ಮ. ಬಿಸ್ಲಲ್ಲಿ ಬಂದವ್ಳೆ ಅಂತ ಗೇಟ್ ತಾವ ನೀರು ತಕೊಂಡೋಗಿ ಕೊಟ್ಟೆ. ಬ್ಯಾಡ, ನನ್ತಾವೈತೆ ಅಂದ್ಬುಟ್ಲು. ಬಸ್ಸು ಬೇರೆ ಆರನ್ ವಡೀತಿತ್ತು. ಅವ್ಳು…"

"ಅದು ಬಿಡು ಪಾಪಕ್ಕ," ಎಂದಿದ್ದಳು ವನಜಾಕ್ಷಿ. "ನೀರು ಕುಡಿಯಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ಹೊತ್ತಾ ಇದು? ಪಾಷಾಣದ ಡಬ್ಬಿ ವಿಷಯ ಹೇಳು."

ಪಾಪಕ್ಕ ಬಾಯಿ ಮುಚ್ಚಿಕೊಂಡಿದ್ದಳು. ದೊಡ್ಡವರು ಬಿಡು ಎಂದರೆ ಬಿಡುವುದು ಅವಳಿಗೆ ಅಭ್ಯಾಸವಾಗಿತ್ತು.

'ಅವ್ಳು' ಏನು ಮಾಡಿದಳು? ಗೇಟಿನೊಳಗೆ ಬಂದಳೇ? ನಲ್ಲಿಯವರೆಗೆ ಹೋದಳೇ? ಇಲ್ಲ, ಬಸ್ಸು ತಪ್ಪೀತೆಂದು ತನ್ನ ಚೀಲದಲ್ಲಿದ್ದ ನೀರನ್ನೇ ಬಾಟಲಿಗೆ ಸುರಿದಳೇ? ಮುಗಿಯದ ಆ ಮಾತನ್ನು ಊರವರಾಗಲಿ, ನರಸಿಂಹರಾಜುವಾಗಲಿ ತಡೆದಿರಲಿಲ್ಲ. ತಡೆದದ್ದು ವನಜಾಕ್ಷಿ. ಅದೇ ಊರವರ ತಾತ್ಸಾರ, ಅವಳ ಬಾಯಿಂದ.

ಕೈಯಲ್ಲಿದ್ದ ಫೋನ್ ಗುರುಗುಟ್ಟಿತು.

"ಮೇಡಂ, ನರಸಿಂಹರಾಜು. ಆಯಪ್ಪ ಚೊಂಬು ಹಿಡ್ಕೊಂಡು ಇಳ್ದು ಬರ್ತಾವ್ನೆ, ಕಾಣ್ತೈತೆ ಇಲ್ಲಿಂದ. ನನ್ನ ನೋಡಿ ನಗ್ತಾವ್ನೆ ಬೇರೆ. ಹಿಡ್ಕಳ್ಳಾದಾ, ಬುಡಾದಾ?"

"ಬಿಡಿ."

"ಏನು? ನನ್ನ ಇಲ್ಲಿಗಂಟ ಓಡಿಸ್ಕೊಂಡು ಬಂದು ಈಗ ಬಿಡಿ ಅಂತೀರಾ? ನಾಳೆ ಕೋರ್ಟಿಗೆ ಆ ಹುಡ್ಗಿ, ನೀರು ನಾನೇ ಹಿಡಿದಿದ್ದು, ನಲ್ಲಿದೇ ಅಂತ ಪ್ರಮಾಣಪತ್ರ ಕೊಡ್ತಾಳೆ. ಅಲ್ಲಿಗೆ ನಿಮ್ಮ ಪಾಪಕ್ಕಂದು ಮುಗೀತು. ಇದು ಗೊತ್ತಾ ನಿಮಗೆ?"

"ಗೊತ್ತು. ಜೀಪ್ ತೆಗೀಬೇಡಿ. ಅಲ್ಲೇ ಇರಿ." ಫೋನ್ ಇಟ್ಟಳು.

ತಿರುಗಿ ನೋಡಿದಳು. ಲೋಹಿತಾ ಎರಡು ಕಲ್ಲು ಕೆಳಗೆ ಇಳಿದು ನಿಂತಿದ್ದಳು. ಚೀಲ ಬೆನ್ನಿನಿಂದ ಎದೆಯ ಮುಂದಕ್ಕೆ ಬಂದಿತ್ತು. ಎರಡೂ ಕೈ ಅದರ ಮೇಲಿತ್ತು, ನಿದ್ದೆ ಮಾಡುವ ಮಗುವನ್ನು ಹಿಡಿದ ಹಾಗೆ. ಹುಡುಗಿಯ ಮುಖದಲ್ಲಿ ಕಳ್ಳತನವಿರಲಿಲ್ಲ. ಅದು ಇದ್ದಿದ್ದರೆ ವನಜಾಕ್ಷಿಗೆ ಸುಲಭವಾಗುತ್ತಿತ್ತು.

"ಮೇಡಂ, ಹೋಗೋಣ್ವಾ? ಬಸ್ ಹೋಗಿಬಿಡುತ್ತೆ."

"ಹೋಗೋಣ. ತಡಿ." ವನಜಾಕ್ಷಿ ಬಂಡೆಯ ಮೇಲೆ ಮತ್ತೆ ಕೂತಳು. ಗಂಟಲು ನಿಜವಾಗಿಯೂ ಒಣಗಿತ್ತು. ಕೈ ಚಾಚಿದಳು. "ಆ ಮನುಷ್ಯನ ಜೊತೆ ಕೂಗಾಡಿ ಬಾಯಾರಿತು ಕಣೆ. ಕೂಜ ಕೊಡು ಇಲ್ಲಿ."

ಲೋಹಿತಾ ಚೀಲದ ಬಾಯಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಖಾಲಿಯಾಯ್ತು ಮೇಡಂ," ಎಂದಳು.

ಎಂದವಳು ಒಂದು ಕಲ್ಲು ಹಿಂದಕ್ಕೆ ಇಳಿದಳು. ಚೀಲ ತೂಗಾಡಿತು. ಅದರೊಳಗೆ ನೀರು ತುಳುಕಿದ ಸದ್ದು ಇಬ್ಬರಿಗೂ ಕೇಳಿಸಿತು.